ಸದ್ದು ಹಿಡಿದು ನಡೆಯುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಬಗ್ಗೆ ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಹದಿನೈದು ನಿಮಿಷ ಮಾತಾಡು ಅಂತ ಸಮಿತಿಯವರು ಹೇಳಿದ್ದಾರೆ. ಸ್ಫೂರ್ತಿ ಕೊಡುವುದು ನನಗೆ ಬರುವುದಿಲ್ಲ. ಈ ಶಾಲೆಯಲ್ಲಿ ಇದ್ದಾಗ ಭೌತಶಾಸ್ತ್ರದ ಶಬ್ದದ ಪಾಠದಲ್ಲಿ ನಾನು ತೆಗೆದ ಅಂಕ ಎಷ್ಟು ಅಂತ ಇಲ್ಲೇ ಕುಳಿತಿರುವ ಮೇಷ್ಟ್ರಿಗೆ ನೆನಪಿದ್ದರೆ ಅವರು ಈಗಲೇ ಎದ್ದು ಹೋಗಬಹುದು. ಆದರೆ ವಿಚಿತ್ರ ನೋಡಿ, ಬಿಇ ಮುಗಿಸಿದ ಮೇಲೆ ನನಗೆ ಸಿಕ್ಕ ಕೆಲಸ ಶಬ್ದದ್ದೇ. ಫೋನಿನಲ್ಲಿ, ಇಯರ್‌ಫೋನಿನಲ್ಲಿ ಸದ್ದು ಹೇಗೆ ಕೇಳಿಸಬೇಕು ಅನ್ನುವುದನ್ನು ಬರೆಯುವ ಕೆಲಸ. ಅದರಿಂದ ಹುಟ್ಟಿದ ಒಂದು ಪ್ರಯತ್ನದ ಬಗ್ಗೆ ಇವತ್ತು ಹೇಳುತ್ತೇನೆ. ಅದು ಪೂರ್ತಿ ಗೆದ್ದಿಲ್ಲ. ಅದರ ಅರ್ಧ ಕೆಲಸ ಈ ಊರಿನವರ ಕೈಯಲ್ಲೇ ಇದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮೂರನೇ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು, ಮಂಡಿಯ ಮೇಲೆ ಕೋಲು ಇಟ್ಟುಕೊಂಡು ಕುಳಿತಿರುವವರು ನನ್ನ ದೊಡ್ಡಪ್ಪ. ಊರಿನವರಿಗೆ ಅವರ ಪರಿಚಯ ಬೇಕಿಲ್ಲ. ಈ ಶಾಲೆಯ ಮೊದಲ ಎರಡು ಕೋಣೆಗೆ ಕಲ್ಲು ಹೊತ್ತವರಲ್ಲಿ ಅವರೂ ಒಬ್ಬರು. ಆಗ ಅವರಿಗೆ ಕಣ್ಣು ಚೆನ್ನಾಗಿತ್ತು. ಆಮೇಲೆ ಗ್ಲಾಕೋಮಾ ಬಂತು, ಅಂದರೆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆ. ಅದು ನೋವು ಕೊಡದೆ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ದೃಷ್ಟಿ ತಿನ್ನುತ್ತಾ ಬರುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. (ನಲವತ್ತು ದಾಟಿದ ಎಲ್ಲರೂ ಒಮ್ಮೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಖಂಡಿತ ಮಾಡಿಸಿ. ಇದನ್ನು ಹೇಳದೆ ಮುಂದೆ ಹೋದರೆ ದೊಡ್ಡಮ್ಮ ನನ್ನನ್ನು ಬಿಡುವುದಿಲ್ಲ.) ನಾನು ಹುಟ್ಟುವ ಹೊತ್ತಿಗೆ ಅವರಿಗೆ ಪೂರ್ತಿ ಕತ್ತಲಾಗಿತ್ತು. ನನ್ನ ಮುಖವನ್ನು ಅವರು ನೋಡಿಲ್ಲ, ಕೈಯಿಂದ ಮುಟ್ಟಿ ಬಲ್ಲರು.

ಆದರೂ ನಾನು ಹುಡುಗನಾಗಿದ್ದಾಗ ಅವರು ಒಬ್ಬರೇ ಊರೆಲ್ಲ ತಿರುಗುತ್ತಿದ್ದರು. ಬೆಳಿಗ್ಗೆ ಮನೆಯಿಂದ ಹೊರಟು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಬಂದು ಟೀ ಕುಡಿದು, ಯಾರೋ ಓದಿ ಹೇಳಿದ ಪೇಪರ್ ಕೇಳಿಸಿಕೊಂಡು, ಶಾಲೆಯ ಮುಂದಿನಿಂದ ಹಾದು ತೋಟಕ್ಕೆ ಹೋಗಿ, ಊಟದ ಹೊತ್ತಿಗೆ ಮನೆ. ಚಿಕ್ಕವರಾದ ನಮಗೆ ಅದು ಮಾಟದ ಹಾಗೆ ಕಾಣುತ್ತಿತ್ತು. ಹೇಗೆ ದೊಡ್ಡಪ್ಪ ಅಂತ ಕೇಳಿದರೆ ಅವರು ದಾರಿ ಹೇಳುತ್ತಿದ್ದ ರೀತಿ ಹೀಗಿತ್ತು: ಹಿಟ್ಟಿನ ಗಿರಣಿಯ ಬೆಲ್ಟಿನ ಸದ್ದು ಎಡಗಿವಿಗೆ ಬರಬೇಕು. ಅದು ಹಿಂದೆ ಬಿದ್ದ ಮೇಲೆ ಅರಳಿಮರ ಸಿಗುತ್ತದೆ, ಗಾಳಿ ಇಲ್ಲದಿದ್ದರೂ ಅರಳಿ ಎಲೆ ಸುಮ್ಮನಿರುವುದಿಲ್ಲ. ಅಲ್ಲಿಂದ ಬೋರ್‌ವೆಲ್ ಹ್ಯಾಂಡಲಿನ ಕಿರುಗುಟ್ಟುವ ಸದ್ದಿನ ಕಡೆ ಮುಖ ಮಾಡಿ ನಡೆದರೆ ಹೋಟೆಲು. ಶಾಲೆಯ ಕಡೆ ಬರುವಾಗ ಇಲ್ಲಿನ ಗಂಟೆ. ಈ ಹುಣಸೆ ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡು ನಿಮಗೆಲ್ಲ ನೆನಪಿರಬೇಕು. ಪ್ರತಿ ಪೀರಿಯಡ್ಡಿಗೂ ಜವಾನರು ಅದನ್ನು ಬಾರಿಸಿದಾಗ ನಮಗೆ ಒಂದು ಪಾಠ ಮುಗಿಯಿತು ಅಂತ ಖುಷಿ, ದೊಡ್ಡಪ್ಪನಿಗೆ ಅದು ದಿಕ್ಸೂಚಿ.

ಇದರಲ್ಲಿ ಮಾಟ ಇಲ್ಲ. ಈಗ ಒಂದು ನಿಮಿಷ ಎಲ್ಲ ಮಕ್ಕಳೂ ಕಣ್ಣು ಮುಚ್ಚಿ. ತಲೆ ಅಲ್ಲಾಡಿಸಬಾರದು. ಮೇಷ್ಟ್ರು ಬೀಗದ ಕೈ ಗೊಂಚಲು ಹಿಡಿದು ನಿಮ್ಮ ಸುತ್ತ ನಡೆಯುತ್ತಾರೆ. ಗೊಂಚಲು ಅಲ್ಲಾಡಿಸಿದಾಗ ಸದ್ದು ಬಂದ ಕಡೆ ಬೆರಳು ತೋರಿಸಿ.

(ಇಲ್ಲಿ ಪ್ರಯೋಗ ನಡೆಯಿತು.)

ನೋಡಿ, ಎಡ ಬಲ ಯಾರೂ ತಪ್ಪಲಿಲ್ಲ. ಆದರೆ ಮೇಷ್ಟ್ರು ಸರಿಯಾಗಿ ಬೆನ್ನ ಹಿಂದೆ ನಿಂತಾಗ ನಿಮ್ಮಲ್ಲಿ ನಾಲ್ಕೈದು ಜನ ಮುಂದೆ ಕೈ ತೋರಿಸಿದಿರಿ. ನಗಬೇಡಿ, ನಾನೂ ಹಾಗೇ ತೋರಿಸುತ್ತಿದ್ದೆ.

ಯಾಕೆ ಹೀಗೆ? ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ ಅಂತ ಓದಿದ್ದೀರಿ. ಬಲಗಡೆ ಗೊಂಚಲು ಅಲ್ಲಾಡಿದರೆ ಸದ್ದು ಬಲಗಿವಿಗೆ ಮೊದಲು ಬರುತ್ತದೆ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಬರಲು ಸ್ವಲ್ಪ ತಡ. ಎಷ್ಟು ತಡ? ಒಂದು ಸೆಕೆಂಡನ್ನು ಸುಮಾರು 1500 ಭಾಗ ಮಾಡಿ, ಅದರಲ್ಲಿ ಒಂದು ಭಾಗ. ಹೆಚ್ಚೆಂದರೆ ಅಷ್ಟೇ. ಅದಕ್ಕಿಂತ ಎಷ್ಟೋ ಪಾಲು ಚಿಕ್ಕ ವ್ಯತ್ಯಾಸವನ್ನೂ ನಮ್ಮ ಮೆದುಳು ಅಳೆಯುತ್ತದೆ. ಜೊತೆಗೆ ತಲೆ ಅಡ್ಡ ಬರುವುದರಿಂದ, ಕೀರಲು ಸದ್ದಾದರೆ ಎಡಗಿವಿಗೆ ಅದು ಮೆತ್ತಗಾಗಿಯೂ ಕೇಳುತ್ತದೆ. ತಗ್ಗಿನ ಸದ್ದಿಗೆ ಸಮಯದ ಲೆಕ್ಕ, ಕೀರಲು ಸದ್ದಿಗೆ ಜೋರಿನ ಲೆಕ್ಕ ಅಂತ ಇಂಗ್ಲೆಂಡಿನ ಲಾರ್ಡ್ ರ‍್ಯಾಲೀ 1907ರಲ್ಲೇ ಹೇಳಿದರು. ಸದ್ದು ಸರಿಯಾಗಿ ಮುಂದೆ ಇದ್ದರೂ, ಸರಿಯಾಗಿ ಹಿಂದೆ ಇದ್ದರೂ ಎರಡೂ ಕಿವಿಗೆ ಒಟ್ಟಿಗೆ, ಒಂದೇ ಜೋರಿನಲ್ಲಿ ಬರುತ್ತದೆ. ಅಲ್ಲಿಗೆ ಈ ಎರಡೂ ಲೆಕ್ಕ ಕೈಕೊಡುತ್ತವೆ. ಆಗ ಸಹಾಯಕ್ಕೆ ಬರುವುದು ಕಿವಿಯ ಹಾಲೆ. ಅದರ ಮಡಿಕೆಗಳಿಗೆ ತಾಗಿ ಸದ್ದಿನ ಬಣ್ಣ ಸ್ವಲ್ಪ ಬದಲಾಗುತ್ತದೆ. ಇನ್ನೂ ದೊಡ್ಡ ಸಹಾಯ ಕತ್ತಿನದು. ತಲೆಯನ್ನು ಒಂದಿಷ್ಟು ತಿರುಗಿಸಿದರೆ ಮುಂದೋ ಹಿಂದೋ ತಕ್ಷಣ ತಿಳಿಯುತ್ತದೆ. ಅದಕ್ಕೇ ನಾನು ತಲೆ ಅಲ್ಲಾಡಿಸಬೇಡಿ ಅಂದಿದ್ದು. ಈ ಕತ್ತು ತಿರುಗಿಸುವ ವಿಷಯ ನೆನಪಿಟ್ಟುಕೊಳ್ಳಿ, ನಾನು ಎಡವಿದ್ದು ಅಲ್ಲೇ.

ಇನ್ನೊಂದು ವಿಷಯ. ಗೋಡೆ ಹತ್ತಿರ ಬಂದರೆ ಕೆನ್ನೆಯ ಪಕ್ಕ ಏನೋ ಬಂದ ಹಾಗೆ ಆಗುತ್ತದೆ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಬೇರೆ ದೇಶದ ಕಣ್ಣು ಕಾಣದವರೂ ಹೀಗೇ ಹೇಳುತ್ತಿದ್ದರು, ಇದನ್ನು ಮುಖದ ದೃಷ್ಟಿ ಅಂತಲೇ ಕರೆಯುತ್ತಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೂವರು ಇದನ್ನು ಪರೀಕ್ಷೆ ಮಾಡಿ 1944ರಲ್ಲಿ ಪ್ರಕಟಿಸಿದರು. ಆ ಮೂವರಲ್ಲಿ ಮೈಕೇಲ್ ಸೂಪಾ ಅನ್ನುವವರಿಗೆ ಸ್ವತಃ ಕಣ್ಣು ಕಾಣುತ್ತಿರಲಿಲ್ಲ. ಕಣ್ಣು ಕಾಣದವರನ್ನೂ, ಕಣ್ಣಿಗೆ ಬಟ್ಟೆ ಕಟ್ಟಿದವರನ್ನೂ ಗೋಡೆಯ ಕಡೆ ನಡೆಸಿದರು. ಮುಖಕ್ಕೆ ದಪ್ಪ ಬಟ್ಟೆ ಮುಚ್ಚಿದರೂ ಅವರು ಗೋಡೆಯ ಮುಂದೆ ನಿಂತರು. ಬೂಟು ಬಿಚ್ಚಿಸಿ ಜಮಖಾನದ ಮೇಲೆ ನಡೆಸಿದಾಗ ಕಷ್ಟವಾಯಿತು. ಕಿವಿಯನ್ನು ಪೂರ್ತಿ ಮುಚ್ಚಿದಾಗ ಎಲ್ಲರೂ ಹೋಗಿ ಗೋಡೆಗೆ ಡಿಕ್ಕಿ ಹೊಡೆದರು. ಅಂದರೆ ಕೆನ್ನೆಗೆ ತಟ್ಟಿದ್ದು ಅಂದುಕೊಂಡಿದ್ದು ತಮ್ಮದೇ ಹೆಜ್ಜೆಯ ಮಾರ್ದನಿ. ಈ ಪ್ರಯೋಗವನ್ನು ನಾನು ಓದಿದ್ದು ತುಂಬಾ ತಡವಾಗಿ. ಮೊದಲೇ ಓದಿದ್ದರೆ ಮುಂದೆ ಹೇಳಲಿರುವ ಒಂದು ತಪ್ಪು ಮಾಡುತ್ತಿರಲಿಲ್ಲ.

ಕಣ್ಣು ಕಾಣದವರ ಕಿವಿ ಅಂದರೆ ನಮಗೆ ಸಂಗೀತ ನೆನಪಾಗುತ್ತದೆ. ಗದಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳ ನಾಡು ನಮ್ಮದು, ಅದು ಸಹಜ. ಆದರೆ ಕ್ರಿಕೆಟ್ಟನ್ನೂ ನೆನೆಯಬೇಕು. ಅಂಧರ ಕ್ರಿಕೆಟ್ಟಿನ ಚೆಂಡಿನೊಳಗೆ ಕಬ್ಬಿಣದ ಗೋಲಿಗಳಿರುತ್ತವೆ, ಉರುಳುವಾಗ ಗಿಲಗಿಲ ಅನ್ನುತ್ತದೆ. ಬೌಲರ್ ರೆಡಿಯಾ ಅಂತ ಕೇಳಿ, ಬ್ಯಾಟ್ಸ್‌ಮನ್ ಹೂಂ ಅಂದ ಮೇಲೆ ಕೈಯನ್ನು ಕೆಳಗಿನಿಂದ ಬೀಸಿ ಎಸೆಯುತ್ತಾರೆ. 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ನಡೆದಾಗ ಭಾರತ ಗೆದ್ದಿತು. ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ನೆಲದ ಮೇಲೆ ವೇಗವಾಗಿ ಬರುವ ಚೆಂಡನ್ನು ಸದ್ದಿನಿಂದಲೇ ಹುಡುಕಿ ಹೊಡೆಯುವವರಿದ್ದಾರೆ ಅಂದ ಮೇಲೆ, ಬಸ್ ಸ್ಟ್ಯಾಂಡ್ ಎಲ್ಲಿದೆ ಅಂತ ಸದ್ದಿನಿಂದ ತೋರಿಸಲು ಆಗುವುದಿಲ್ಲವೇ?

ಈ ಯೋಚನೆ ಹಳೆಯದು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದಲ್ಲಿ ರೆಜಿನಾಲ್ಡ್ ಗಾಲೆಜ್ ಅನ್ನುವ ಭೂಗೋಳದ ಪ್ರಾಧ್ಯಾಪಕರಿದ್ದರು. 1984ರಲ್ಲಿ ಅವರ ದೃಷ್ಟಿ ಹೋಯಿತು. ಜೀವನವೆಲ್ಲ ಭೂಪಟ ಓದಿದವರು! ಅವರೂ, ಜ್ಯಾಕ್ ಲೂಮಿಸ್, ರಾಬರ್ಟಾ ಕ್ಲ್ಯಾಟ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರೂ ಸೇರಿ ಕಂಪ್ಯೂಟರನ್ನು ಬೆನ್ನಚೀಲದಲ್ಲಿ ಹೊತ್ತು, ಜಿಪಿಎಸ್ ಮತ್ತು ಹೆಡ್‌ಫೋನ್ ಕಟ್ಟಿಕೊಂಡು ನಡೆದು ನೋಡಿದರು. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಮಾತಿನಲ್ಲಿ ಹೇಳುವುದಕ್ಕಿಂತ, ಹೋಗಬೇಕಾದ ಜಾಗದಿಂದಲೇ ಸದ್ದು ಬರುತ್ತಿದೆ ಅನ್ನಿಸುವ ಹಾಗೆ ಕೇಳಿಸಿದರೆ ಜನ ಚೆನ್ನಾಗಿ ನಡೆಯುತ್ತಾರೆ ಅಂತ ಅವರ ಪರೀಕ್ಷೆಯಲ್ಲಿ ಕಂಡಿತು. ಆ ಕಾಲದಲ್ಲಿ ಅಮೆರಿಕದ ಸರ್ಕಾರ ಸಾಮಾನ್ಯರಿಗೆ ಸಿಗುವ ಜಿಪಿಎಸ್ಸನ್ನು ಬೇಕೆಂದೇ ಮಸುಕು ಮಾಡಿಟ್ಟಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ತೆಗೆದರು. ಈಗ ಬಯಲಿನಲ್ಲಿ ನಿಂತರೆ ನಮ್ಮ ಫೋನು ಐದು ಮೀಟರಿನ ಆಸುಪಾಸಿನಲ್ಲಿ ನಮ್ಮ ಜಾಗ ಹೇಳುತ್ತದೆ.

2018ರಲ್ಲಿ ಮೈಕ್ರೋಸಾಫ್ಟ್ ಸೌಂಡ್‌ಸ್ಕೇಪ್ ಅನ್ನುವ ಆ್ಯಪನ್ನು ಐಫೋನಿಗೆ ಉಚಿತವಾಗಿ ಕೊಟ್ಟಿತು. ಅದರ ಹಿಂದಿದ್ದವರಲ್ಲಿ ಮುಖ್ಯರಾದ ಏಮಸ್ ಮಿಲ್ಲರ್ ಅವರಿಗೂ ಕಣ್ಣು ಕಾಣುವುದಿಲ್ಲ. ಅಂಗಡಿ ಎಡಗಡೆ ಇದ್ದರೆ ಅಂಗಡಿಯ ಹೆಸರು ಎಡಗಡೆಯಿಂದಲೇ ಕೇಳುತ್ತದೆ. ಎಲ್ಲಿಗೆ ಹೋಗಬೇಕೋ ಅಲ್ಲೊಂದು ಸದ್ದಿನ ದೀಪ ಇಟ್ಟ ಹಾಗೆ ತಟ್ಟುತ್ತಲೇ ಇರುತ್ತದೆ. ದಾರಿ ಹೇಗೆ ಅಂತ ಅದು ಅಪ್ಪಣೆ ಮಾಡುವುದಿಲ್ಲ, ಸುತ್ತ ಏನಿದೆ ಅಂತ ತಿಳಿಸಿ ಸುಮ್ಮನಾಗುತ್ತದೆ, ನಡೆಯುವವರು ನಿರ್ಧರಿಸುತ್ತಾರೆ. 2023ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಆದರೆ ನಿಲ್ಲಿಸುವ ಮೊದಲು ಅದರ ಕೋಡನ್ನೆಲ್ಲ ಯಾರು ಬೇಕಾದರೂ ಓದಿ ಬಳಸುವ ಹಾಗೆ ಬಿಟ್ಟುಕೊಟ್ಟಿತು. ಅದನ್ನು ಓದಿಯೇ ನಾನು ಕಲಿತದ್ದು. ಶನಿವಾರ ಭಾನುವಾರ ಕುಳಿತು, ಹಳ್ಳಿಯಲ್ಲಿ ಎಲ್ಲರ ಹತ್ತಿರ ಇರುವಂಥ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿಗೆ, ಕನ್ನಡದಲ್ಲಿ ಮಾತಾಡುವ ಒಂದು ಚಿಕ್ಕ ಆ್ಯಪ್ ಬರೆದೆ.

ಇಯರ್‌ಫೋನಿನಲ್ಲಿ ಸದ್ದು ತಲೆಯ ಹೊರಗಿನಿಂದ ಬಂದ ಹಾಗೆ ಅನ್ನಿಸಬೇಕಾದರೆ, ಆಗ ಹೇಳಿದ ಆ ತಡ, ಆ ಮೆತ್ತಗಾಗುವಿಕೆ, ಹಾಲೆಯ ಬಣ್ಣ ಎಲ್ಲವನ್ನೂ ಲೆಕ್ಕ ಹಾಕಿ ಸದ್ದಿಗೆ ಸೇರಿಸಬೇಕು. ಅದಕ್ಕೆ ಅಳತೆ ಬೇಕು. 1994ರಲ್ಲಿ ಅಮೆರಿಕದ ಎಂಐಟಿಯವರು ಒಂದು ಗೊಂಬೆಯ ಕಿವಿಯೊಳಗೆ ಮೈಕ್ ಇಟ್ಟು, 710 ಕಡೆಗಳಿಂದ ಸದ್ದು ಕೇಳಿಸಿ ಅಳೆದು, ಆ ಲೆಕ್ಕವನ್ನು ಎಲ್ಲರಿಗೂ ಕೊಟ್ಟಿದ್ದಾರೆ. ನನ್ನ ಆ್ಯಪ್ ಬಳಸುವುದು ಆ ಗೊಂಬೆಯ ಕಿವಿಯನ್ನೇ. ಅಮೆರಿಕದ ಗೊಂಬೆಯ ಕಿವಿ ನಮ್ಮೂರಿನ ದೊಡ್ಡಪ್ಪನಿಗೆ ಪೂರ್ತಿ ಹೊಂದುವುದಿಲ್ಲ, ಆದರೂ ಎಡ ಬಲಕ್ಕೆ ಮೋಸವಿಲ್ಲ.

ಎರಡು ವರ್ಷದ ಹಿಂದೆ ದೀಪಾವಳಿಗೆ ಅದನ್ನು ತಂದೆ. ನಾನು ದೂರದಲ್ಲಿದ್ದ ವರ್ಷಗಳಲ್ಲಿ ಊರಿನ ಸದ್ದು ಬದಲಾಗಿತ್ತು. ಗಿರಣಿ ಮುಚ್ಚಿತ್ತು. ಮನೆಮನೆಗೆ ನಲ್ಲಿ ಬಂದು ಬೋರ್‌ವೆಲ್ ಹ್ಯಾಂಡಲ್ ತುಕ್ಕು ಹಿಡಿದಿತ್ತು, ನಲ್ಲಿ ಬಂದದ್ದು ಒಳ್ಳೆಯದೇ. ರಸ್ತೆ ಅಗಲ ಮಾಡುವಾಗ ಅರಳಿಮರ ಹೋಯಿತು. ಶಾಲೆಗೆ ಕರೆಂಟ್ ಬೆಲ್ಲು ಬಂತು, ಅದು ಒಳಗಿನ ಕಾರಿಡಾರಿನಲ್ಲಿ ಬಡಿದುಕೊಳ್ಳುತ್ತದೆ, ಗೇಟಿನ ತನಕ ಬರುವುದಿಲ್ಲ. ಇವುಗಳ ಜಾಗಕ್ಕೆ ಬಂದದ್ದು ಗಾಡಿಗಳ ಸದ್ದು, ಅದು ಎಲ್ಲ ಕಡೆಯಿಂದಲೂ ಬರುತ್ತದೆ. ಈಗೀಗ ಬ್ಯಾಟರಿ ಸ್ಕೂಟರು ಸದ್ದೇ ಇಲ್ಲದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಮುಪ್ಪಿನಿಂದ ದೊಡ್ಡಪ್ಪ ಮನೆ ಹಿಡಿದರು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವರ ಕಾಲು ಗಟ್ಟಿಯಾಗೇ ಇತ್ತು. ಅವರ ಗುರುತಿನ ಕಲ್ಲುಗಳನ್ನು ನಾವು ಒಂದೊಂದಾಗಿ ಕಿತ್ತಿದ್ದೆವು.

ಅಂಗಳದಲ್ಲೇ ಮೊದಲ ಪರೀಕ್ಷೆ. ಕಿವಿಯೊಳಗೆ ಕೂರುವ ಇಯರ್‌ಫೋನ್ ಹಾಕಿ, ಫೋನನ್ನು ಅವರ ಕೈಗೆ ಕೊಟ್ಟು, ಬಾವಿಕಟ್ಟೆಯ ಹತ್ತಿರ ಬೀಪ್ ಬೀಪ್ ಅನ್ನುವ ಸದ್ದು ಇಟ್ಟೆ. ಅವರು ಎಂದಿನ ಹಾಗೆ ಕತ್ತು ಆ ಕಡೆ ಈ ಕಡೆ ತಿರುಗಿಸಿದರು. ಮುಖ ಸಿಂಡರಿಸಿತು. “ಲೋ ಮಗ, ಇದು ಒಂದು ಕಡೆ ನಿಲ್ತಾ ಇಲ್ಲ ಕಣೋ. ನಾನು ತಿರುಗಿದ್ರೆ ಇದೂ ತಿರುಗ್ತದೆ. ನೊಣ ತಲೆ ಸುತ್ತ ಹಾರ್ದಂಗೆ” ಅಂದರು.

ಸರಿಯಾಗೇ ಹೇಳಿದ್ದರು. ಫೋನು ಕೈಯಲ್ಲಿ, ತಲೆ ತಿರುಗಿದ್ದು ಫೋನಿಗೆ ಗೊತ್ತಿಲ್ಲ. ನಿಜವಾದ ಸದ್ದಾದರೆ ತಲೆ ಬಲಕ್ಕೆ ತಿರುಗಿದಾಗ ಎಡಕ್ಕೆ ಸರಿಯುತ್ತದೆ, ನನ್ನ ಸದ್ದು ಕಿವಿಗೆ ಅಂಟಿಕೊಂಡು ಬಂತು. ನಾನೇನು ಮಾಡಿದೆ? “ಅದನ್ನ ಆಮೇಲೆ ಸರಿಮಾಡ್ತೀನಿ ದೊಡ್ಡಪ್ಪ, ಸದ್ಯಕ್ಕೆ ನೀವು ತಲೆ ನೇರ ಇಟ್ಕೊಂಡು ನಡೀರಿ” ಅಂದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಿವಿಯಲ್ಲೇ ದಾರಿ ಹುಡುಕಿದ ಮನುಷ್ಯನಿಗೆ ತಲೆ ಅಲ್ಲಾಡಿಸಬೇಡಿ ಅಂತ ಪಾಠ ಹೇಳಿದವನು ನಾನು.

ಆಮೇಲೆ ಬೀದಿಗೆ ಇಳಿದೆವು. ಹೋಟೆಲಿನ ಮೇಲೆ ಸದ್ದಿಟ್ಟೆ. ನಾನು ಹತ್ತು ಹೆಜ್ಜೆ ಹಿಂದೆ, ವಿಡಿಯೋ ತೆಗೆಯುತ್ತಾ. ಅವರು ಸದ್ದಿನ ಕಡೆ ಚೆನ್ನಾಗಿಯೇ ನಡೆದರು, ನನಗೆ ಹಿಗ್ಗು. ಆದರೆ ಸದ್ದು ಬರುವುದು ಹಕ್ಕಿ ಹಾರುವ ನೇರದಲ್ಲಿ. ಹೊಸ ರಸ್ತೆಯ ಪಕ್ಕ ತೆರೆದ ಚರಂಡಿ ಇತ್ತು, ಅದು ಯಾವ ನಕ್ಷೆಯಲ್ಲೂ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಕೋಲು ಅವರ ಎಡಗೈಗೆ ಹೋಗಿತ್ತು, ಬಲಗೈಯಲ್ಲಿ ನನ್ನ ಫೋನು. ಕಿವಿ ಎರಡೂ ಮುಚ್ಚಿದ್ದರಿಂದ ಚರಂಡಿಯ ನೀರಿನ ಸದ್ದು, ಹೆಜ್ಜೆಯ ಮಾರ್ದನಿ ಬದಲಾದದ್ದು ಯಾವುದೂ ಕೇಳಲಿಲ್ಲ. ಮಂಡಿಯವರೆಗೆ ಇಳಿದುಬಿಟ್ಟರು. ಮೊಣಕಾಲಿನ ಕೆಳಗೆ ಉದ್ದಕ್ಕೂ ತರಚಿ ರಕ್ತ. ಇನ್ನೊಂದು ಹೆಜ್ಜೆ ಆಚೆ ಬಿದ್ದಿದ್ದರೆ ಕಲ್ಲಿನ ಅಂಚಿಗೆ ತಲೆ.

ಕಾರ್ನೆಲ್ಲಿನ ಗೋಡೆ ನೆನಪಿದೆಯಲ್ಲ? ಅವರು ಪರೀಕ್ಷೆಗಾಗಿ ಕಿವಿ ಮುಚ್ಚಿದರು, ನಾನು ಸಹಾಯ ಮಾಡುತ್ತೇನೆ ಅಂತ ಮುಚ್ಚಿದೆ.

ದೊಡ್ಡಮ್ಮ ಅರಿಶಿನ ಹಚ್ಚುತ್ತಾ “ನಿನ್ನ ಓದೆಲ್ಲ ಇದಕ್ಕೇನಪ್ಪಾ?” ಅಂದರು. ಉತ್ತರ ಇರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೇ ಬೆಂಗಳೂರಿಗೆ ಹೋದೆ. ಆ ವಿಡಿಯೋ ಅಳಿಸಿದೆ. ಆ್ಯಪನ್ನೂ ಬಿಟ್ಟುಬಿಡುವುದು ಅಂದುಕೊಂಡೆ.

ಎಂಟು ಹತ್ತು ದಿನ ಬಿಟ್ಟು ದೊಡ್ಡಪ್ಪನದೇ ಫೋನು. ಗಾಯದ ಮಾತೇ ಎತ್ತಲಿಲ್ಲ. “ಆ ಸದ್ದನ್ನ ಅಷ್ಟು ದೂರ ಕಟ್ಟಬೇಡ. ಮೋರಿ ಹತ್ರ ಒಂದು ಕಟ್ಟು. ಅಲ್ಲಿಗೆ ಬಂದ್ಮೇಲೆ ಮುಂದಿಂದು ಕೂಗಲಿ. ಆ ಕೀಂ ಕೀಂ ಬೇಡ, ಎಲ್ಲಿಂದ ಬರ್ತದೆ ಅಂತಲೇ ತಿಳಿಯಲ್ಲ. ಎತ್ತಿನ ಗಂಟೆ ಹಾಕು. ಕಿವಿಗೆ ಬೆಣೆ ಹೊಡೀಬೇಡ” ಅಂದರು. ನಾಲ್ಕು ತಿದ್ದುಪಡಿ, ಒಂದು ನಿಮಿಷದೊಳಗೆ. ನಮ್ಮ ಆಫೀಸಿನಲ್ಲಿ ಇಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ.

ಒಂದೊಂದೂ ಸರಿಯಾಗಿತ್ತು. ಬೀಪ್ ಸದ್ದಿನಲ್ಲಿ ಒಂದೇ ಸ್ವರ ಇರುತ್ತದೆ, ದಿಕ್ಕು ಹಿಡಿಯಲು ಮೆದುಳಿಗೆ ಅದು ಸಾಲದು. ಲಾರಿ ಹಿಂದಕ್ಕೆ ಬರುವಾಗ ಬೀಪ್ ಅನ್ನುತ್ತದಲ್ಲ, ಯಾವ ಲಾರಿ ಅಂತ ನಾವು ತಿರುಗಿ ತಿರುಗಿ ನೋಡುವುದು ಅದಕ್ಕೇ. ಗಂಟೆಯ ಪೆಟ್ಟಿನಲ್ಲಿ ತಗ್ಗಿನದು, ಕೀರಲಿನದು ಎಲ್ಲ ಸ್ವರವೂ ಸೇರಿರುತ್ತದೆ, ಆರಂಭವೂ ಚುರುಕು. ಪಕ್ಕದ ಮನೆಯ ಎತ್ತಿನ ಕೊರಳಿನ ಗಂಟೆಯನ್ನೇ ರೆಕಾರ್ಡ್ ಮಾಡಿಕೊಂಡೆ. ಕಿವಿಯೊಳಗಿನ ಇಯರ್‌ಫೋನ್ ತೆಗೆದು, ಕಿವಿಯ ಮುಂದೆ ಕೆನ್ನೆಯ ಮೂಳೆಯ ಮೇಲೆ ಕೂರುವಂಥದ್ದು ತಂದೆ. ಅದರಲ್ಲಿ ದಿಕ್ಕು ಸ್ವಲ್ಪ ಮಸುಕು, ಆದರೆ ಕಿವಿ ತೆರೆದೇ ಇರುತ್ತದೆ. ತಲೆ ತಿರುಗಿದ್ದು ತಿಳಿಯಲು ಒಂದು ಚಿಕ್ಕ ಸೆನ್ಸರನ್ನು ಅವರ ಟೋಪಿಗೆ ಹೊಲಿಸಿದೆ. ಫೋನು ಜೇಬಿಗೆ ಹೋಯಿತು, ಕೋಲು ಬಲಗೈಗೆ ಮರಳಿತು. ಕೋಲನ್ನು ಬಿಡಿಸುವ ಯಾವ ಯಂತ್ರವನ್ನೂ ನಂಬಬೇಡಿ. ನೆಲದ ಗುಂಡಿಯನ್ನು ಹೇಳುವುದು ಕೋಲು ಮಾತ್ರ. ದೆಹಲಿಯ ಐಐಟಿಯವರು ಮಾಡಿದ ಸ್ಮಾರ್ಟ್‌ಕೇನ್ ಕೂಡ ಬಿಳಿ ಕೋಲಿನ ಮೇಲೇ ಕೂರುತ್ತದೆ, ಮಂಡಿಯಿಂದ ಮೇಲಿರುವ ಅಡ್ಡಿಯನ್ನು ಮಾರ್ದನಿಯಿಂದ ತಿಳಿದು ಕೈಗೆ ನಡುಕ ಕೊಡುತ್ತದೆ. ಅದರ ಕೆಲಸ ಹತ್ತಿರದ್ದು, ನನ್ನ ಗಂಟೆಯ ಕೆಲಸ ದೂರದ್ದು, ನಡುವೆ ಇರುವುದು ಅವರ ಬುದ್ಧಿ.

ಇವತ್ತಿನ ಸ್ಥಿತಿ ಇಷ್ಟು. ಬೆಳಿಗ್ಗೆ ಏಳಕ್ಕೆ ಮೊದಲು, ಗಾಡಿ ಕಡಿಮೆ ಇರುವಾಗ, ದೊಡ್ಡಪ್ಪ ಒಬ್ಬರೇ ಹೋಟೆಲಿಗೆ ಹೋಗಿ ಬರುತ್ತಾರೆ. ಮನೆ, ಮೋರಿ, ಹಾಲಿನ ಡೈರಿ, ಹೋಟೆಲು, ನಾಲ್ಕು ಗಂಟೆ. ಮೋಡ ಇದ್ದರೂ ತೊಂದರೆ ಇಲ್ಲ, ಆದರೆ ಹೊಸ ಕಾಂಪ್ಲೆಕ್ಸಿನ ಗೋಡೆಯ ಪಕ್ಕ ಜಿಪಿಎಸ್ ಎಂಟು ಹತ್ತು ಮೀಟರ್ ಆಚೆ ಈಚೆ ಹಾರುತ್ತದೆ. ಕಬ್ಬಿಣದ ಶೆಡ್ಡಿನ ಹತ್ತಿರ ದಿಕ್ಸೂಚಿ ಕೆಡುತ್ತದೆ. ಅಲ್ಲಿ ಅವರು ಗಂಟೆಯನ್ನು ನಂಬುವುದಿಲ್ಲ, ನಿಂತು, ಯಾರಾದರೂ ಬರುವವರೆಗೆ ಕಾಯುತ್ತಾರೆ. ಮತ್ತೆ ಶಾಲೆಯ ಕಡೆ ಅವರು ಬರುತ್ತಿಲ್ಲ. ಇವತ್ತು ಬಂದಿರುವುದು ನನ್ನ ತಮ್ಮನ ಮೊಪೆಡ್ಡಿನ ಹಿಂದೆ ಕುಳಿತು. ತಾವು ಕಲ್ಲು ಹೊತ್ತ ಕಟ್ಟಡಕ್ಕೆ.

ಅದಕ್ಕೆ ನನ್ನ ಕೇಳಿಕೆ. ಸೌಂಡ್‌ಸ್ಕೇಪ್ ಆಗಲಿ ನನ್ನ ಚಿಕ್ಕ ಆ್ಯಪ್ ಆಗಲಿ ನೋಡುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕ್ಷೆಯನ್ನು. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಜನರೇ ಬರೆಯುವ ನಕ್ಷೆ. ಲಂಡನ್ನಿನ ಬೀದಿ ಅದರಲ್ಲಿ ಬಾಗಿಲು ಬಾಗಿಲಿಗೂ ಇದೆ. ನಮ್ಮೂರು ಕಳೆದ ವರ್ಷದವರೆಗೆ ಒಂದು ಗೆರೆ, ಒಂದು ಚುಕ್ಕಿ. ಈಗ ಇರುವ ಅಂಗಡಿ, ಗುಡಿ, ಮೋರಿ ನಾನು ಹಬ್ಬಕ್ಕೆ ಬಂದಾಗ ಹಾಕಿದವು. ಬೆಂಗಳೂರಿನಲ್ಲಿ ಕೂತು ನಾನು ನಿಮ್ಮ ಬೀದಿಯ ಚರಂಡಿ ಹಾಕಲಾರೆ, ಹಾಕಲು ಹೋಗಿ ಏನಾಯಿತು ಅಂತ ಈಗಷ್ಟೇ ಹೇಳಿದೆ. ಒಂಬತ್ತು ಹತ್ತನೇ ತರಗತಿಯ ಮಕ್ಕಳು ಎರಡು ಭಾನುವಾರ ಕೊಟ್ಟರೆ, ಬಸ್ ಸ್ಟ್ಯಾಂಡಿನಿಂದ ಈ ಗೇಟಿನವರೆಗೆ ಎಲ್ಲ ಚರಂಡಿ, ಮೆಟ್ಟಿಲು, ವಿದ್ಯುತ್ ಕಂಬ, ಕವಲುದಾರಿ ನಕ್ಷೆಗೆ ಸೇರುತ್ತವೆ. ಸಮಾಜ ವಿಜ್ಞಾನದ ಮೇಡಂ ಅದನ್ನು ಪ್ರಾಜೆಕ್ಟ್ ಕೆಲಸಕ್ಕೆ ಸೇರಿಸುತ್ತೇನೆ ಅಂದಿದ್ದಾರೆ, ಅವರಿಗೆ ಧನ್ಯವಾದ. ಊರಿನ ಹಿರಿಯರಲ್ಲಿ ಕೇಳುವುದು, ಶಾಲೆಯ ತಿರುವಿನಲ್ಲಿ ಇಪ್ಪತ್ತು ಅಡಿ ಚರಂಡಿಗೆ ಚಪ್ಪಡಿ. ಸಿಮೆಂಟ್ ಖರ್ಚು ನಮ್ಮ 2005ರ ಬ್ಯಾಚಿನದು, ಮಾತಾಗಿದೆ.

ಇನ್ನೊಂದು ಚಿಕ್ಕದು, ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ಹಳೆಯ ರೈಲು ಕಂಬಿಯ ತುಂಡು ಸ್ಟೋರ್ ರೂಮಿನಲ್ಲಿ ಮುರಿದ ಬೆಂಚುಗಳ ಹಿಂದೆ ಇದೆ, ನಿನ್ನೆ ನೋಡಿ ಬಂದೆ. ಅದನ್ನು ಹುಣಸೆ ಮರಕ್ಕೆ ಮತ್ತೆ ಕಟ್ಟಿ, ಬೆಳಿಗ್ಗೆ ಪ್ರಾರ್ಥನೆಗೆ, ಮಧ್ಯಾಹ್ನ ಊಟಕ್ಕೆ, ಸಂಜೆ ಬಿಡುವಾಗ, ದಿನಕ್ಕೆ ಮೂರು ಸಲ ಬಾರಿಸಲು ಮುಖ್ಯೋಪಾಧ್ಯಾಯರು ಒಪ್ಪಬೇಕು. ಆ ಗಂಟೆಗೆ ಜಿಪಿಎಸ್ ತಪ್ಪುವುದಿಲ್ಲ, ಚಾರ್ಜ್ ಮುಗಿಯುವುದಿಲ್ಲ.

ಊಟದ ನಂತರ ಟೋಪಿ, ಫೋನು ಎಲ್ಲ ಇಲ್ಲೇ ಇರುತ್ತದೆ. ಹೊಲಿಗೆ ಬಿಚ್ಚಿಹೋಗದ ಹಾಗೆ ನಿಧಾನವಾಗಿ ಹಾಕಿಕೊಂಡು, ಕಣ್ಣು ಕಟ್ಟಿ ಮೈದಾನದಲ್ಲಿ ನಡೆದು ನೋಡಬಹುದು. ಪಕ್ಕದಲ್ಲಿ ದೊಡ್ಡಪ್ಪ ಇರುತ್ತಾರೆ, ತಪ್ಪಾದರೆ ಅವರೇ ಹೇಳುತ್ತಾರೆ.